ರೆಕಾರ್ಡ್ ಅಕ್ಕನ ಅರ್ಧ ಕಾರು

ಮಂಗಳವಾರ ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ, ಸೇತುವೆ ಇಳಿದು ಎಡಕ್ಕೆ ಹೊರಳುವ ಜಾಗದಲ್ಲಿ, ಇಪ್ಪತ್ತೊಂದು ವರ್ಷದ ಬೂದು ಬಣ್ಣದ ಕಾರೊಂದು ಕೆಮ್ಮಿತು. ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು ಮಾಡಿತು. ಆಮೇಲೆ ತೆಪ್ಪಗಾಯಿತು. ಹಿಂದಿದ್ದವರು ಹಾರ್ನ್ ಹೊಡೆದರು. ಒಳಗಿದ್ದ ಹೆಂಗಸು ಗಾಬರಿ ಬೀಳಲಿಲ್ಲ, ಯಾರನ್ನೂ ಕೂಗಲಿಲ್ಲ. ಮುಂದಿನ ಖಾನೆಯಿಂದ ರಟ್ಟಿನ ಹೊದಿಕೆಯ ನೋಟ್‌ಬುಕ್ಕು ತೆಗೆದು, ಪೆನ್ನಿನ ಕ್ಯಾಪ್ ಕಳಚಿ, ‘ವಾಹನ ನಿಂತಿದೆ. ಸಮಯ 9.20. ಮಾಹಿತಿಗಾಗಿ’ ಎಂದು ಬರೆದು ಕೆಳಗೆ ಚಿಕ್ಕ ಸಹಿ ಹಾಕಿದಳು. ಶಾಯಿ ಒಣಗುವ ತನಕ ಕಾದು, ಪುಸ್ತಕ ಮುಚ್ಚಿ, ಕೆಳಗಿಳಿದು ಹಿಂದಿನ ಕಾರಿನವನ ಹತ್ತಿರ ಹೋದಳು.

"ಹಾರ್ನ್ ಹೊಡೆದ್ರೆ ಸ್ಟಾರ್ಟ್ ಆಗುತ್ತೆ ಅನ್ನೋದಾದ್ರೆ ಇನ್ನೆರಡು ಸಲ ಹೊಡೀರಿ. ನಾನೂ ನೋಡ್ತೀನಿ."

ಅವನು ಹೊಡೆಯಲಿಲ್ಲ. ಇಳಿದು ಬಂದು ತಳ್ಳಿದ.

ಆಸ್ತಿ ನೋಂದಣಿ ಕಚೇರಿಯಲ್ಲಿ ಅವಳನ್ನು ಎಲ್ಲರೂ ರೆಕಾರ್ಡ್ ಅಕ್ಕ ಅಂತಲೇ ಕರೆಯುವುದು. ವಯಸ್ಸು ಐವತ್ತಾರು. ಒಂಟಿ ಜೀವ. ಮೂವತ್ತೆರಡು ವರ್ಷದಿಂದ ದಾಖಲೆ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲಿದೆ. ಊರಿನ ಮನೆಗಳು, ಮನೆಗಳ ನಡುವಿನ ಗೋಡೆಗಳು, ಗೋಡೆಗಳ ಮೇಲಿನ ಜಗಳಗಳು, ಎಲ್ಲದರ ಕಾಗದವೂ ಅಲ್ಲಿನ ಕಬ್ಬಿಣದ ಕಪಾಟುಗಳಲ್ಲಿವೆ. ಅಧಿಕಾರಿಗಳು ಬಂದರು, ಹೋದರು. ಹೊಸಬ ಬಂದು ಕೂತ ದಿನ ಅಕ್ಕನ ಕಡೆ ನೋಡಿ ನಗದಿದ್ದರೆ ಅವನಿಗೆ ಬೇಕಾದ ಕಡತ ಎರಡು ವಾರ ಸಿಗುತ್ತಿರಲಿಲ್ಲ. ನಕ್ಕರೆ ಒಂದು ವಾರ.

ಅವಳ ನಂಬಿಕೆ ಸರಳವಾಗಿತ್ತು. ಒಂದು ವಿಷಯ ಕಾಗದದ ಮೇಲೆ ಬಂತೆಂದರೆ ಅರ್ಧ ಕೆಲಸ ಆದ ಹಾಗೆ, ಮಿಕ್ಕ ಅರ್ಧವನ್ನು ಯಾರೋ ಒಬ್ಬರು ಮಾಡುತ್ತಾರೆ. ಆ ಯಾರೋ ಒಬ್ಬರು ಯಾರು ಎಂದು ಅವಳು ವಿಚಾರಿಸಲು ಹೋದವಳಲ್ಲ. ಅದು ಬೇರೆ ವಿಭಾಗದ ಕೆಲಸ.

ತಮ್ಮನೂ ಅದೇ ಅಚ್ಚಿನಲ್ಲಿ ಎರಕವಾದವನು. ನೀರು ಸರಬರಾಜು ಕಚೇರಿಯಲ್ಲಿ ದೂರು ಸ್ವೀಕರಿಸುವ ಮೇಜು ಅವನದು. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಬಂದವರಿಗೆ ಅವನು ನೀರು ಕೊಟ್ಟಿದ್ದಿಲ್ಲ, ಆದರೆ ರಸೀದಿ ಕೊಡದೆ ಕಳಿಸಿದ್ದೂ ಇಲ್ಲ.

ಈ ಇಬ್ಬರೂ ಸೇರಿ, ಆಗಲೇ ಹಳೆಯದಾಗಿದ್ದ ಕಾರನ್ನು ಅರ್ಧರ್ಧ ಹಾಕಿ ಕೊಂಡಿದ್ದರು. ಕಾಗದಪತ್ರ ಇಬ್ಬರ ಹೆಸರಿನಲ್ಲಿತ್ತು. ಆಗ ಅಕ್ಕ ತಮ್ಮ ಚೆನ್ನಾಗಿಯೇ ಇದ್ದರು. ಕೆಟ್ಟದ್ದು ಆರು ವರ್ಷದ ಹಿಂದಿನ ಒಂದು ಭಾನುವಾರ. ತಮ್ಮನ ಮನೆಯಲ್ಲಿ ಎಂಟು ಜನ ನೆಂಟರು ಊಟಕ್ಕೆ ಕೂತಿದ್ದರು. ತಮ್ಮನ ಹೆಂಡತಿ ಅಂಗಡಿಗೆ ಹೋಗಿ ಬಂದು, ಒಂದು ಚಕ್ರ ಫುಟ್‌ಪಾತಿನ ಮೇಲೆ ಹತ್ತಿಸಿ ಕಾರು ನಿಲ್ಲಿಸಿ ಒಳಗೆ ಬಂದಳು. ಅಕ್ಕ ಕಿಟಕಿಯಿಂದ ನೋಡಿ, "ಏನಮ್ಮಾ, ಕಾರು ನಿಲ್ಲಿಸಿದ್ದೋ ಎಸೆದಿದ್ದೋ?" ಅಂದಳು.

ನೆಂಟರು ನಕ್ಕರು. ತಮ್ಮನ ಹೆಂಡತಿ ನಗಲಿಲ್ಲ. ಕೀಲಿಯನ್ನು ಮೇಜಿನ ಮೇಲಿಟ್ಟವಳು ಆವತ್ತಿನಿಂದ ಸ್ಟೀರಿಂಗ್ ಹಿಡಿಯಲಿಲ್ಲ. ತಮ್ಮ ಅಕ್ಕನ ಜೊತೆ ಮಾತು ಬಿಟ್ಟ. ಅಕ್ಕ, "ನಾನೇನು ಇಲ್ಲದ್ದು ಹೇಳಿದ್ನಾ? ಚಕ್ರ ಮೇಲಿತ್ತೋ ಇಲ್ವೋ?" ಎಂದು ಕಚೇರಿಯಲ್ಲಿ ಮೂರು ದಿನ ಕೇಳಿ, ಎಲ್ಲರಿಂದಲೂ "ಮೇಲಿತ್ತು" ಅನ್ನಿಸಿಕೊಂಡು ತಾನೂ ಮಾತು ಬಿಟ್ಟಳು.

ಕಾರನ್ನು ಮಾರಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮಾರಬೇಕಾದರೆ ಇಬ್ಬರೂ ಮಾತಾಡಬೇಕು. ಮಾತಾಡುವ ಹಾಗಿಲ್ಲವಾದ್ದರಿಂದ ಇಟ್ಟುಕೊಂಡರು. ಸೋಮವಾರದಿಂದ ಬುಧವಾರ ಅಕ್ಕನಿಗೆ, ಗುರುವಾರದಿಂದ ಶನಿವಾರ ತಮ್ಮನಿಗೆ. ಬುಧವಾರ ಸಂಜೆ ಅಕ್ಕ ಕಾರನ್ನು ತಮ್ಮನ ಗೇಟಿನ ಮುಂದೆ ನಿಲ್ಲಿಸಿ ಕೀಲಿಯನ್ನು ಟಪಾಲು ಡಬ್ಬಿಗೆ ಹಾಕಿ ನಡೆದು ಬರುತ್ತಿದ್ದಳು. ಶನಿವಾರ ಸಂಜೆ ತಮ್ಮ ಅವಳ ಗೇಟಿನ ಮುಂದೆ ಅದನ್ನೇ ಮಾಡುತ್ತಿದ್ದ. ಒಬ್ಬರೂ ಬೆಲ್ ಒತ್ತಿದವರಲ್ಲ. ಹೇಳಬೇಕಾದ್ದೇನಿದ್ದರೂ ಖಾನೆಯಲ್ಲಿನ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಅದೂ ವಾಹನಕ್ಕೆ ಸಂಬಂಧಪಟ್ಟದ್ದಾಗಿರಬೇಕು.

‘ಎಡಗಡೆ ಹಿಂದಿನ ಟೈರಿನಲ್ಲಿ ಗಾಳಿ ಕಡಿಮೆ.’ ‘ತುಂಬಿಸಲಾಗಿದೆ.’ ಮೊದಲ ಬುಕ್ಕಿನ ತುಂಬ ಇಂಥದ್ದೇ. ಎರಡನೆಯದರಲ್ಲಿ ವಾಹನದ ವ್ಯಾಪ್ತಿ ಸ್ವಲ್ಪ ಹಿಗ್ಗಿತು. ‘ಚಾಲಕನಿಗೆ ನೆಗಡಿ ಇದ್ದ ಕಾರಣ ಕಿಟಕಿ ಮುಚ್ಚಿ ಓಡಿಸಲಾಗಿದೆ’ ಎಂದು ತಮ್ಮ ಬರೆದ. ‘ಬಿಸಿನೀರಿನ ಹಬೆ ತೆಗೆದುಕೊಳ್ಳುವುದು. ಕಿಟಕಿ ಸರಿಯಿದೆ’ ಎಂದು ಅಕ್ಕ ಬರೆದಳು. ಮೂರನೆಯದರಲ್ಲಿ, ‘ಮಗಳು ಪರೀಕ್ಷೆಯಲ್ಲಿ ಪಾಸು. ಹಿಂದಿನ ಸೀಟಿನ ಮೇಲೆ ಸಿಹಿ ಇದೆ. ಡಬ್ಬಿ ವಾಪಸು ಮಾಡುವುದು.’ ಈಗ ನಾಲ್ಕನೆಯದು ನಡೆಯುತ್ತಿತ್ತು. ಶನಿವಾರ ಸಂಜೆ ಗೇಟಿನ ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದು ಕೇಳಿ, ತಮ್ಮ ಬೀದಿ ತಿರುಗುವಷ್ಟು ಹೊತ್ತು ಬಿಟ್ಟು, ಅಕ್ಕ ಇಳಿದು ಹೋಗಿ ಕಾರಿಗೆ ಒರಗಿ ನಿಂತು ಓದುತ್ತಿದ್ದಳು. ತಮ್ಮನಿಂದ ಅವಳಿಗೆ ವಾರಕ್ಕೊಮ್ಮೆ ಬರುತ್ತಿದ್ದ ಮಾತು ಅಷ್ಟೇ. ಅವನಿಗೆ ಹೋಗುತ್ತಿದ್ದುದೂ ಅಷ್ಟೇ. ಅವಳಿಗೆ ಬೇರೆ ಒಡಹುಟ್ಟಿದವರಿರಲಿಲ್ಲ.

ಆದ್ದರಿಂದ ಮಂಗಳವಾರ ಕಾರು ನಿಂತಾಗ ನಿಂತದ್ದು ಬರೀ ಕಾರಲ್ಲ ಎಂಬುದು ಅವಳಿಗೆ ಗ್ಯಾರೇಜು ಮುಟ್ಟುವಷ್ಟರಲ್ಲೇ ಹೊಳೆದಿತ್ತು. ಅದನ್ನು ಬುಕ್ಕಿನಲ್ಲಿ ಬರೆಯಲಿಲ್ಲ, ಅಷ್ಟೆ.

ಗ್ಯಾರೇಜಿನ ಮೆಕ್ಯಾನಿಕ್ ಅರವತ್ತು ದಾಟಿದ ಮನುಷ್ಯ. ಕೆಟ್ಟ ಸುದ್ದಿಯನ್ನು ಕೈ ಒರೆಸಿಕೊಳ್ಳುತ್ತಾ ಹೇಳುವುದು ಅವನ ರೂಢಿ. ಕೈ ಎಷ್ಟು ಹೊತ್ತು ಒರೆಸುತ್ತಾನೆ ಎನ್ನುವುದರ ಮೇಲೆ ಗಿರಾಕಿಗಳು ಖರ್ಚನ್ನು ಅಂದಾಜು ಮಾಡುತ್ತಿದ್ದರು. ಆವತ್ತು ಬೆರಳು ಬೆರಳೂ ಬಿಡಿಸಿ ಒರೆಸಿಕೊಂಡ.

"ಇಂಜಿನ್ ಜಾಮ್ ಆಗಿದೆ ಮೇಡಂ. ಒಳಗೆ ಆಯಿಲ್ ಅನ್ನೋದು ನೋಡೋಕೂ ಇಲ್ಲ. ಕಡ್ಡಿ ಅದ್ದಿದ್ರೆ ಒರೆಸಿಟ್ಟ ಹಾಗೆ ಈಚೆ ಬರುತ್ತೆ. ಡ್ಯಾಶ್‌ಬೋರ್ಡಲ್ಲಿ ಕೆಂಪು ದೀಪ ಬಂದಿರ್ಲಿಲ್ವಾ?"

"ಬಂದಿತ್ತು."

"ಮತ್ತೆ ಏನ್ ಮಾಡಿದ್ರಿ?"

"ಬರೆದಿದ್ದೀನಿ."

ಮೆಕ್ಯಾನಿಕ್‌ಗೆ ಅರ್ಥವಾಗಲಿಲ್ಲ. ಅಕ್ಕ ಪುಸ್ತಕ ತೆರೆದು ಕೊಟ್ಟಳು. ಅವನು ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದ.

"‘ಆಯಿಲ್ ದೀಪ ಉರಿಯುತ್ತಿದೆ. ಸೂಕ್ತ ಕ್ರಮಕ್ಕಾಗಿ.’ ಇದು ನಿಮ್ಮದು. ‘ಗಮನಿಸಲಾಗಿದೆ.’ ಇದು ಅವರದ್ದು. ‘ದೀಪ ಇನ್ನೂ ಉರಿಯುತ್ತಿದೆ. ಹಿಂದಿನ ಟಿಪ್ಪಣಿ ನೋಡಿ.’ ‘ನೋಡಲಾಗಿದೆ.’ ‘ಜ್ಞಾಪನ.’ ‘ಜ್ಞಾಪನ ತಲುಪಿದೆ.’" ಅವನು ಎಣಿಸಿದ. "ಒಂದು ತಿಂಗಳಲ್ಲಿ ಆಯಿಲ್ ವಿಷಯ ಒಂಬತ್ತು ಸಲ ಬಂದಿದೆ ಮೇಡಂ. ಆಯಿಲ್ ಮಾತ್ರ ಒಂದು ಸಲಾನೂ ಬಂದಿಲ್ಲ."

"ಅದು ಅವನು ಹಾಕಿಸ್ಬೇಕಿತ್ತು. ಮುಂಚೆ ಎಲ್ಲ ಹಾಗೇ ಆಗ್ತಿತ್ತು. ಬರೀತಿದ್ದೆ, ಮುಂದಿನ ವಾರ ದೀಪ ಆರಿರ್ತಿತ್ತು."

ಆರು ವರ್ಷ ಹಾಗೆಯೇ ಆಗಿತ್ತು. ಎರಡು ಮೂರು ತಿಂಗಳಿಗೊಮ್ಮೆ ದೀಪ ಉರಿಯುವುದು, ಅವಳು ಬರೆಯುವುದು, ಕಾರು ತಮ್ಮನ ಮನೆಗೆ ಹೋಗಿ ಬರುವಷ್ಟರಲ್ಲಿ ದೀಪ ಆರಿರುವುದು. ಬರವಣಿಗೆಯ ಶಕ್ತಿಯ ಮೇಲೆ ಅವಳಿಗೆ ಮೊದಲೇ ಇದ್ದ ಗೌರವ ಇದರಿಂದ ಇನ್ನಷ್ಟು ಗಟ್ಟಿಯಾಗಿತ್ತು.

ಮೆಕ್ಯಾನಿಕ್ ವಿಷಯಕ್ಕೆ ಬಂದ. "ಮೂರು ದಾರಿ ಇದೆ. ಇದೇ ಇಂಜಿನ್ ಬಿಚ್ಚಿ ಒಳಗಿನ ಸಾಮಾನೆಲ್ಲ ಹೊಸದು ಹಾಕೋದು. ಇಲ್ಲ, ಬೇರೆ ಹಳೇ ಇಂಜಿನ್ ಹುಡುಕಿ ಕೂರಿಸೋದು. ಯಾವುದು ಮಾಡಿದ್ರೂ ಆ ದುಡ್ಡಿಗೆ ಇಂಥದ್ದೇ ಕಾರು ಎರಡು ಬರುತ್ತೆ. ಮೂರನೇದು ಗುಜರಿ."

"ಬಾಡಿ ಚೆನ್ನಾಗಿದೆಯಲ್ಲಾ? ಎಲ್ಲೂ ತುಕ್ಕು ಹಿಡಿದಿಲ್ಲ."

"ಮೈಕಟ್ಟು ಚೆನ್ನಾಗಿದೆ ಅಂತ ಹೆಣ ಇಟ್ಕೊಳ್ಳೋಕಾಗುತ್ತಾ ಮೇಡಂ?"

ಅಕ್ಕ ಬುಕ್ಕಿನಲ್ಲಿ ಮೂರೂ ದಾರಿಗಳನ್ನು ನಮೂದಿಸಿ, ‘ಅಭಿಪ್ರಾಯ ತಿಳಿಸುವುದು’ ಎಂದು ಬರೆದು, ಬುಕ್ಕನ್ನು ಕಾರಿನ ಖಾನೆಯಲ್ಲೇ ಇಟ್ಟು, ತಮ್ಮನಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಮೆಕ್ಯಾನಿಕ್‌ಗೆ ಒಪ್ಪಿಸಿ ಬಸ್ಸು ಹಿಡಿದಳು.

ಬುಧವಾರ ತಮ್ಮ ಬಂದು ಓದಿ, ‘ಅಕ್ಕನ ಅಭಿಪ್ರಾಯದಂತೆ’ ಎಂದು ಬರೆದು ಹೋದ. ಗುರುವಾರ ಬೆಳಿಗ್ಗೆ ಅಕ್ಕ ಬಂದು, ‘ಜಂಟಿ ಮಾಲೀಕರ ಸ್ಪಷ್ಟ ಅಭಿಪ್ರಾಯ ಬಂದ ನಂತರ’ ಎಂದು ಬರೆದಳು. ಸಂಜೆ ಅವನು, ‘ಮೇಲಿನಂತೆಯೇ.’ ಶುಕ್ರವಾರ ಅವಳು, ‘ಮೇಲಿನದರ ಮೇಲಿನದನ್ನು ನೋಡಿ.’ ಗುಜರಿ ಎಂದು ಬರೆಯಲು ಇಬ್ಬರಿಗೂ ಕೈ ಬರಲಿಲ್ಲ. ರಿಪೇರಿ ಎಂದು ಬರೆದರೆ ಯಾಕೆ ಎಂದು ಕಾರಣ ಬರೆಯಬೇಕಾಗುತ್ತಿತ್ತು. ವಾಹನಕ್ಕೆ ಸಂಬಂಧಪಟ್ಟ ಕಾರಣ ಯಾವುದೂ ಇರಲಿಲ್ಲ.

ಗ್ಯಾರೇಜಿನಲ್ಲಿ ನಾಲ್ಕು ಕಾರಿಗೆ ಜಾಗ. ಅದರಲ್ಲೊಂದು ಜಾಗದಲ್ಲಿ ಪತ್ರವ್ಯವಹಾರ ನಡೆಯುತ್ತಿದ್ದರೆ ಯಾವ ಮೆಕ್ಯಾನಿಕ್ ತಾನೇ ಸುಮ್ಮನಿದ್ದಾನು? ಶುಕ್ರವಾರ ಅವನು ತಾನೇ ಬುಕ್ಕು ತೆಗೆದು, ಗ್ರೀಸಿನ ಹೆಬ್ಬೆರಳ ಗುರುತಿನ ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದ: ‘ನಾಳೆ ಶನಿವಾರ ಹನ್ನೊಂದು ಗಂಟೆಗೆ ಇಬ್ಬರೂ ಬರ್ಬೇಕು. ಗುಜರಿಯವನೂ ಬರ್ತಾನೆ. ಬರ್ದಿದ್ರೆ ಕಾರು ರೋಡಲ್ಲಿ ನಿಲ್ಲುತ್ತೆ.’ ಆಮೇಲೆ ಇಬ್ಬರಿಗೂ ಫೋನ್ ಮಾಡಿ ಓದಿ ಹೇಳಿದ.

ಅಕ್ಷರ ತಪ್ಪುಗಳಿದ್ದರೂ ವಿಷಯ ಸ್ಪಷ್ಟವಾಗಿತ್ತು. ಆ ಪುಸ್ತಕದಲ್ಲಿ ಅಂಥ ಸ್ಪಷ್ಟತೆ ಅದೇ ಮೊದಲು.

ಶನಿವಾರ ಅಕ್ಕ ಹತ್ತೂ ಐವತ್ತಕ್ಕೇ ಬಂದಳು. ಇಂಜಿನ್ ಹಾಕಿಸುವುದೆಂದು ಬೆಳಗಿನ ಕಾಫಿ ಕುಡಿಯುವಾಗಲೇ ತೀರ್ಮಾನಿಸಿದ್ದಳು. ಕಾರಣ ಕೇಳಿದರೆ ಬಾಡಿ ಚೆನ್ನಾಗಿದೆ ಅನ್ನುವುದು, ಮತ್ತೆ ಕೇಳಿದರೆ ಮತ್ತೆ ಅನ್ನುವುದು. ತಮ್ಮ ಬಂದ. ತಲೆಯಲ್ಲಿ ಬಿಳಿ ಕೂದಲು ಅವಳು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇತ್ತು. ಅದನ್ನು ಅವನು ಬುಕ್ಕಿನಲ್ಲಿ ತಿಳಿಸಿರಲಿಲ್ಲ. ಅವನ ಹಿಂದೆ ಅವನ ಹೆಂಡತಿ. ಅಕ್ಕ ಕಾರಿನ ಎಡಗಡೆ ನಿಂತಳು, ತಮ್ಮ ಬಲಗಡೆ. ನಡುವೆ ತೆರೆದ ಬಾನೆಟ್ಟು.

ಗುಜರಿಯವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲಿಗೆ ಬೆರಳಿನಿಂದ ಕುಟ್ಟಿ, ಮುಖ ಕಿವುಚಿದ. "ಇದನ್ನ ತಗೊಂಡು ನಾನೇನ್ ಮಾಡ್ಲಿ? ಕೋಳಿಗೂಡು ಮಾಡಿದ್ರೆ ಕೋಳೀನೂ ಬೇಜಾರು ಮಾಡ್ಕೊಳುತ್ತೆ." ಕೊಳ್ಳಲು ಬಂದವನು ಮಾಲನ್ನು ಇಷ್ಟು ಮನಸಾರೆ ಬೈದನೆಂದರೆ ಅದು ಅವನಿಗೆ ಹಿಡಿಸಿದೆ ಎಂದೇ ತಿಳಿಯಬೇಕು. ಬೇಡದ ಮಾಲನ್ನು ಬೈಯುವಷ್ಟು ಪುರುಸೊತ್ತು ಯಾವ ವ್ಯಾಪಾರಿಗೂ ಇಲ್ಲ.

"ಕೊಡೋದು ಇನ್ನೂ ನಿಶ್ಚಯ ಆಗಿಲ್ಲ," ಅಂದಳು ಅಕ್ಕ. ಮೆಕ್ಯಾನಿಕ್ ಕಡೆ ತಿರುಗಿ, "ಅವರಿಗೇನು ಅಭಿಪ್ರಾಯ, ಕೇಳಿ."

ಮೆಕ್ಯಾನಿಕ್ ಮೂರು ಮಾರು ದೂರದಲ್ಲಿದ್ದ ತಮ್ಮನ ಕಡೆ ತಿರುಗಿದ. "ಸಾರ್, ನಿಮ್ಮ ಅಭಿಪ್ರಾಯ ಕೇಳ್ತಿದ್ದಾರೆ."

"ಅವರು ಹೇಗೆ ಹೇಳಿದ್ರೆ ಹಾಗೆ ಅಂತ ಹೇಳಿ," ಅಂದ ತಮ್ಮ.

"ಮೇಡಂ, ನೀವು ಹೇಗೆ ಹೇಳಿದ್ರೆ ಹಾಗಂತೆ."

"ಬಾಯಲ್ಲಿ ಹೇಳಿದ್ರೂ ಅದೇನಾ ಅಂತ ಕೇಳಿ."

ಮೆಕ್ಯಾನಿಕ್ ಕೈಯಲ್ಲಿದ್ದ ಬಟ್ಟೆಯನ್ನು ಇಂಜಿನ್ನಿನ ಮೇಲೆ ಎಸೆದ. "ಇಲ್ಲಿ ಕೇಳಿ ಇಬ್ರೂ. ಮೂರು ದಿನದಿಂದ ನಂಗೊಂದು ಅನುಮಾನ. ಈ ವಯಸ್ಸಿನ ಇಂಜಿನ್ ಆಯಿಲ್ ಕುಡಿಯುತ್ತೆ. ಯಾರೂ ಹಾಕ್ದೇ ಇದ್ದಿದ್ರೆ ಐದು ವರ್ಷದ ಹಿಂದೇನೇ ಕಥೆ ಮುಗೀತಿತ್ತು. ಯಾರೋ ಹಾಕ್ತಾ ಇದ್ರು. ಮೇಡಂನ ಕೇಳಿದ್ರೆ ತಮ್ಮ ಅಂತಾರೆ, ಸಾರ್‌ನ ಕೇಳಿದ್ರೆ ಅಕ್ಕ ಅಂತಾರೆ. ಹಾಗಾದ್ರೆ ಹಾಕ್ತಿದ್ದಿದ್ದು ಯಾರು?"

ಅಕ್ಕ ತಮ್ಮನನ್ನು ನೋಡಿದಳು. ತಮ್ಮ ಅಕ್ಕನನ್ನು ನೋಡಿದ. ಇಬ್ಬರ ಮುಖದಲ್ಲೂ ಅದು ಬೇರೆ ವಿಭಾಗದ ಕೆಲಸ ಎಂಬ ಭಾವವಿತ್ತು.

"ನಾನು," ಅಂದಳು ತಮ್ಮನ ಹೆಂಡತಿ.

ಗುಜರಿಯವನು ಕೂಡ ಕುಟ್ಟುವುದನ್ನು ನಿಲ್ಲಿಸಿದ.

"ಶುಕ್ರವಾರ ಬೆಳಿಗ್ಗೆ, ಇವರು ಸ್ನಾನಕ್ಕೆ ಹೋದಾಗ. ಕಡ್ಡಿ ತೆಗೆದು ನೋಡ್ತಿದ್ದೆ. ಕಡಿಮೆ ಇದ್ರೆ ಹಾಕ್ತಿದ್ದೆ. ಡಬ್ಬ ಮೆಟ್ಟಿಲ ಕೆಳಗಿದೆ. ನಮ್ಮಪ್ಪ ಲಾರಿ ಡ್ರೈವರ್ ಅತ್ತಿಗೆ, ಆ ಕೆಲಸ ಕೈಗೆ ತಾನಾಗೇ ಬರುತ್ತೆ."

"ಮತ್ತೆ ಬುಕ್ಕಲ್ಲಿ ಬರೀಲಿಲ್ಲ?" ಅಂದಳು ಅಕ್ಕ. ಆರು ವರ್ಷದಲ್ಲಿ ನಾದಿನಿಗೆ ಅವಳಾಡಿದ ಮೊದಲ ಮಾತು ಅದು.

"ಬುಕ್ಕು ನಿಮ್ಮಿಬ್ಬರದು. ಅದರಲ್ಲಿ ನನಗೆಲ್ಲಿ ಜಾಗ?"

"ಸರಿ. ನಿಲ್ಲಿಸಿದ್ದು ಯಾಕೆ?"

"ನೀವು ಬರೆದ್ರಲ್ಲ. ಇವರು ಓದಿ ಹೇಳಿದ್ರು."

ಅಕ್ಕ ಬುಕ್ಕು ತೆಗೆದು ಹಿಂದಕ್ಕೆ ಹಾಳೆ ಮಗುಚಿದಳು. ಎರಡು ತಿಂಗಳ ಹಿಂದಿನ ತಾರೀಕಿನ ಕೆಳಗೆ ಅವಳದೇ ದುಂಡಗಿನ ಅಕ್ಷರ: ‘ಸೀಟಿನ ಕೆಳಗೆ ಜಿಡ್ಡಿನ ಬಟ್ಟೆ ಸಿಕ್ಕಿದೆ. ಸಂಬಂಧವಿಲ್ಲದವರು ವಾಹನ ಮುಟ್ಟಬಾರದು.’ ಅದರ ಕೆಳಗೆ ತಮ್ಮನ ಇರುವೆ ಸಾಲಿನಂಥ ಅಕ್ಷರ: ‘ತಿಳಿಸಲಾಗಿದೆ.’

ಮೂವತ್ತೆರಡು ವರ್ಷ ಅವಳು ಬೇರೆಯವರ ದಾಖಲೆಗಳಲ್ಲಿ ತಪ್ಪು ಹುಡುಕಿದ್ದಳು. ಸಿಕ್ಕಾಗೆಲ್ಲ ಸಣ್ಣ ಸಂತೋಷವಾಗುತ್ತಿತ್ತು. ಇದು ಅವಳದು. ತಾರೀಕಿತ್ತು, ಸಹಿ ಇತ್ತು, ಬೇರೆ ಯಾರ ತಲೆಗೂ ಕಟ್ಟುವ ಹಾಗಿರಲಿಲ್ಲ. ಇಂಜಿನ್ನು ಸತ್ತದ್ದು ಎಣ್ಣೆಯಿಲ್ಲದೆ ಎಂದು ಮೆಕ್ಯಾನಿಕ್ ಹೇಳಿದ್ದ. ಕಡತ ಹೇಳುತ್ತಿದ್ದುದು ಬೇರೆ.

"ಆ ಬಟ್ಟೆ ನಿಂದಾ?" ಕೇಳಿದಳು.

"ಹೂಂ. ಹಳೇ ಟವೆಲ್ಲು."

"ಒಗೆದಿಟ್ಟಿದ್ದೀನಿ. ಯಾರದು ಅಂತ ಗೊತ್ತಾಗ್ಲಿಲ್ಲ, ಎಸೆಯೋಕೆ ಮನಸ್ಸು ಬರ್ಲಿಲ್ಲ."

ತಮ್ಮನ ಹೆಂಡತಿ ಅಕ್ಕನ ಕಡೆ ನೇರವಾಗಿ ತಿರುಗಿದಳು. "ಅವತ್ತು ಚಕ್ರ ಫುಟ್‌ಪಾತ್ ಮೇಲೆ ಹತ್ತಿದ್ದು ನಿಜ ಅತ್ತಿಗೆ. ಇಲ್ಲ ಅನ್ನಲ್ಲ. ಆದ್ರೆ ಎಂಟು ಜನರ ಮುಂದೆ ಅಂದ್ರಿ."

"ಒಂಬತ್ತು," ಅಂದಳು ಅಕ್ಕ. "ಬಾಗಿಲ ಹತ್ರ ಪಕ್ಕದ ಮನೆಯವರೂ ನಿಂತಿದ್ರು."

ಇದಕ್ಕಿಂತ ಹೆಚ್ಚಿನ ಕ್ಷಮಾಪಣೆ ಅವಳ ಬಾಯಿಂದ ಯಾರಿಗೂ ಸಿಕ್ಕಿದ ದಾಖಲೆ ಇಲ್ಲ. ತಮ್ಮನ ಹೆಂಡತಿ ಅದನ್ನು ತೂಗಿ ನೋಡಿ, ಸಾಕು ಎನ್ನುವ ಹಾಗೆ ತಲೆ ಆಡಿಸಿದಳು.

ಅಕ್ಕ ಮೆಕ್ಯಾನಿಕ್ ಕಡೆ ತಿರುಗಿದಳು. "ಇಂಜಿನ್ ಹಾಕಿ. ಪೂರ್ತಿ ಖರ್ಚು ನಂದು. ತಪ್ಪು ನಂದಾದ್ಮೇಲೆ ಅರ್ಧರ್ಧ ಯಾಕೆ?"

"ಯಾಕೆ ಅತ್ತಿಗೆ?" ತಮ್ಮನ ಹೆಂಡತಿ ಬಾನೆಟ್ಟು ಬಳಸಿ ಈ ಕಡೆಗೆ ಬಂದಳು. "ಎರಡು ಕಾರಿನ ದುಡ್ಡು ಸುರಿದು, ಇವರಿಗೆ ನೆಗಡಿ ಆಗಿದೆ ಅಂತ ಪುಸ್ತಕದಲ್ಲಿ ಓದ್ಬೇಕಾ? ಈ ಹಾಳು ಗಾಡಿಗೆ ಆರು ವರ್ಷ ಆಯಿಲ್ ಹುಯ್ದಿದ್ದೂ ಅದಕ್ಕೇ. ಇದು ನಿಂತ್ರೆ ನೀವಿಬ್ರೂ ಪೂರ್ತಿ ನಿಲ್ತೀರ ಅಂತ ಗೊತ್ತಿತ್ತು. ಸಾಕಾಯ್ತು ನನಗೆ. ನಮ್ಮನೆಗೆ ಬಾಗಿಲಿದೆ. ಬೆಲ್ಲಿದೆ. ಒತ್ತಿದ್ರೆ ಹೊಡ್ಕೊಳುತ್ತೆ, ನಾನು ದಿನಾ ಕೇಳ್ತೀನಿ."

ಬಾಡಿ ಚೆನ್ನಾಗಿದೆ ಎಂಬ ಕಾರಣ ಅಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಬಹುದಿತ್ತು. ಬಾನೆಟ್ಟಿನ ಆಚೆ ತಮ್ಮ ತನ್ನ ಚಪ್ಪಲಿಯ ತುದಿ ನೋಡುತ್ತಾ ನಿಂತಿದ್ದ. ಚಿಕ್ಕಂದಿನಲ್ಲಿ ಏನಾದರೂ ಬೇಕಿದ್ದು ಕೇಳಲಾಗದಾಗ ಹಾಗೇ ನಿಲ್ಲುತ್ತಿದ್ದ.

"ಕಾಗದ ತನ್ನಿ," ಅಂದಳು ಗುಜರಿಯವನಿಗೆ. "ಎಲ್ಲಿ ಸಹಿ?"

ಅವನು ಬೆಲೆ ಹೇಳಿದ. ಅಕ್ಕ ಪೆನ್ನು ತೆರೆದೇಬಿಟ್ಟಿದ್ದಳು. ತಮ್ಮನ ಹೆಂಡತಿ ಅವಳ ಮೊಣಕೈ ಹಿಡಿದಳು.

"ಸ್ವಲ್ಪ ತಡೀರಿ ಅತ್ತಿಗೆ. ಏನಪ್ಪಾ, ಬ್ಯಾಟರಿ ಹೋದ ವರ್ಷದ್ದು. ಮೂರು ಟೈರು ಹೊಸಾವು. ಬಾಗಿಲು ನಾಲ್ಕೂ ಒಂಚೂರೂ ತುಕ್ಕಿಲ್ಲ. ನೀನು ಇದನ್ನ ಕೋಳಿಗೂಡು ಮಾಡ್ತೀಯಾ, ಇಲ್ಲ ಬಾಗಿಲು ಬೇರೆ, ಸೀಟು ಬೇರೆ, ಗಾಜು ಬೇರೆ ಅಂತ ಮಾರ್ತೀಯಾ?"

"ಅಮ್ಮಾ, ಇಂಜಿನ್ನೇ ಇಲ್ಲ..."

"ಇಂಜಿನ್ ಇದೆ. ತಿರುಗಲ್ಲ ಅಷ್ಟೇ. ತೂಕಕ್ಕೆ ತಗೊಳ್ಳೋನಿಗೆ ತಿರುಗಿದ್ರೆಷ್ಟು, ಬಿಟ್ರೆಷ್ಟು?"

ಗುಜರಿಯವನು ಮೆಕ್ಯಾನಿಕ್ ಮುಖ ನೋಡಿದ. ಮೆಕ್ಯಾನಿಕ್ ಮೋಡ ನೋಡಿದ. ಕಾಲು ಗಂಟೆಯಲ್ಲಿ ಬೆಲೆ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಇಂಥವಳು ಆರು ವರ್ಷ ಮೆಟ್ಟಿಲ ಕೆಳಗೆ ಡಬ್ಬ ಬಚ್ಚಿಟ್ಟುಕೊಂಡು ಕೂತಿದ್ದಳಲ್ಲ ಎಂದು ಅಕ್ಕನಿಗೆ ಅನ್ನಿಸಿತು. ಒಳ್ಳೆಯ ಮಾಲನ್ನು ತಪ್ಪು ಕಪಾಟಿನಲ್ಲಿಟ್ಟ ಹಾಗೆ. ಸಹಿ ಹಾಕಿದಳು. ಪೆನ್ನನ್ನು ಇಂಜಿನ್ನಿನ ಮೇಲಿಂದ ಚಾಚಿದಳು. ತಮ್ಮ ತೆಗೆದುಕೊಂಡು ಅವಳ ಸಹಿಯ ಕೆಳಗೆ ತನ್ನದನ್ನು ಹಾಕಿದ.

ಗುಜರಿಯವನ ಲಾರಿ ಕಾರನ್ನು ಎಳೆದುಕೊಂಡು ಹೋಗುವಾಗ ಮೂವರೂ ಒಂದಿಷ್ಟು ಹೊತ್ತು ನಿಂತು ನೋಡಿದರು. ನೋಡುವುದಕ್ಕೆ ಹೆಚ್ಚೇನೂ ಇರಲಿಲ್ಲ. ಮೆಕ್ಯಾನಿಕ್ ಆಗಲೇ ಆ ಜಾಗಕ್ಕೆ ಇನ್ನೊಂದು ಕಾರು ತಳ್ಳುತ್ತಿದ್ದ.

ಬಸ್ ಸ್ಟಾಪು ಎದುರಿಗೇ ಇತ್ತು. ಮೂವರೂ ಒಂದೇ ಬೆಂಚಿನ ಮೇಲೆ ಕೂತರು, ನಡುವೆ ತಮ್ಮನ ಹೆಂಡತಿ. ಅಕ್ಕನ ಮನೆ ಕಡೆಗೆ ಹೋಗುವ ಬಸ್ಸು ಬಂತು. ಬಾಗಿಲು ತೆರೆಯಿತು. ಅಕ್ಕ ಏಳಲಿಲ್ಲ. ಡ್ರೈವರ್ ಅವಳನ್ನು ನೋಡಿದ, ಅವಳು ಎದುರಿನ ಗೋಡೆ ನೋಡಿದಳು. ಬಸ್ಸು ಹೋಯಿತು. ತಮ್ಮನ ಹೆಂಡತಿ ಚೀಲದೊಳಗೆ ಕೈ ಹಾಕಿ ಏನನ್ನೋ ಹುಡುಕುತ್ತಿದ್ದವಳು ಹುಡುಕುತ್ತಲೇ ಇದ್ದಳು.

ಹತ್ತು ನಿಮಿಷಕ್ಕೆ ತಮ್ಮನ ಮನೆ ಕಡೆಯ ಬಸ್ಸು ಬಂತು. ಗಂಡ ಹೆಂಡತಿ ಹತ್ತಿದರು. ಅವರ ಹಿಂದೆ ಅಕ್ಕ ಹತ್ತಿದಳು. ಕಂಡಕ್ಟರ್ ತಮ್ಮನ ಮುಂದೆ ಬಂದು ನಿಂತ.

"ಎಷ್ಟು?"

ತಮ್ಮ ಹಿಂದೆ ತಿರುಗಿ ನೋಡಿದ. ಅಕ್ಕ ಕಂಬಿ ಹಿಡಿದು ನಿಂತಿದ್ದಳು.

"ಮೂರು," ಅಂದ. ದೊಡ್ಡ ನೋಟು ಚಾಚಿದ.

"ಚಿಲ್ಲರೆ ಕೊಡಿ ಸಾರ್. ಎಲ್ರೂ ಇದನ್ನೇ ಕೊಟ್ರೆ ನಾನೇನು ಬ್ಯಾಂಕಾ?"

ತಮ್ಮ ಅಂಗಿ ಜೇಬು ಮುಟ್ಟಿ ನೋಡಿದ, ಪ್ಯಾಂಟಿನ ಜೇಬು ಮುಟ್ಟಿ ನೋಡಿದ. ಹೆಂಡತಿಯನ್ನು ನೋಡಿದ. ಅವಳು ಕಿಟಕಿಯ ಹೊರಗೆ ನೋಡತೊಡಗಿದಳು. ಅಲ್ಲಿ ಏನೂ ಇರಲಿಲ್ಲ. ತಮ್ಮ ಗಂಟಲು ಸರಿ ಮಾಡಿಕೊಂಡ.

"ಅಕ್ಕಾ, ಚಿಲ್ಲರೆ ಇದೆಯಾ?"

"ಇದೆ," ಅಂದಳು ಅಕ್ಕ. "ಇರು, ತೆಗೀತೀನಿ."